ಧ್ವನಿಮತ ಅಂದರೆ ಸರ್ವಾನುಮತ ಅಲ್ಲ

ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಸಂಸದರೊಬ್ಬರ ಫೋಟೊ, ಕೆಳಗೆ ದೊಡ್ಡ ಅಕ್ಷರದಲ್ಲಿ "ಕೃಷಿ ಕಾಯ್ದೆಗಳ ಪರ ಮತ ಹಾಕಿದವರು ಇವರೇ". ಅದಕ್ಕೊಬ್ಬರ ಉತ್ತರ: "ಅದು ಧ್ವನಿಮತದಿಂದ ಪಾಸಾಗಿದ್ದು, ಎಲ್ಲರೂ ಒಪ್ಪಿದ್ದಾರೆ ಅಂತ ತಾನೇ ಅರ್ಥ?" ಇಬ್ಬರ ಮಾತೂ ತಪ್ಪು. ಪದ ನೋಡಿದರೆ ಸುಲಭ, ಕಷ್ಟದ್ದೇನೂ ಅಲ್ಲ. ಆದರೂ ಇಷ್ಟು ಜನ ಎಡವುತ್ತಾರೆ.

ತಪ್ಪು ಶುರುವಾಗುವುದು "ಮತ" ಅನ್ನುವಲ್ಲಿ. ನಮಗೀಗ ಮತ ಅಂದರೆ ಓಟು. ಮೂಲದಲ್ಲಿ ಹಾಗಿರಲಿಲ್ಲ. ಸಂಸ್ಕೃತದ "ಮನ್" ಧಾತುವಿಗೆ ಯೋಚಿಸು ಎಂಬ ಅರ್ಥ. ಅದರಿಂದ ಬಂದ "ಮತ" ಅಂದರೆ ಯೋಚಿಸಿ ತಾಳಿದ ನಿಲುವು. ಮಧ್ವಮತ ಅನ್ನುವಾಗ ಹೇಳುವುದು ಮಧ್ವಾಚಾರ್ಯರ ವಿಚಾರವನ್ನೇ. ಅಭಿಮತ, ಸಮ್ಮತ, ಅನುಮತಿ ಎಲ್ಲ ಇದರ ಒಡಹುಟ್ಟಿದವು. ಇಂಗ್ಲಿಷಿನ ಓಟಿನ ದಾರಿಯೇ ಬೇರೆ. ಅದು ಲ್ಯಾಟಿನ್ನಿನ "ವೋಟುಮ್" ಎಂಬ ಪದದಿಂದ ಬಂದದ್ದು, ಅದಕ್ಕೆ ಹರಕೆ ಎಂಬ ಅರ್ಥ. ಅವರದು ಹರಕೆ, ನಮ್ಮದು ನಿಲುವು. ನನಗೆ ನಮ್ಮ ಪದವೇ ಜಾಸ್ತಿ ಇಷ್ಟ. ಚುನಾವಣೆ ಬಂದ ಮೇಲೆ ನಿಲುವನ್ನು ಚೀಟಿಯಲ್ಲಿ ಪೆಟ್ಟಿಗೆಗೆ ಹಾಕಿದೆವು, "ಮತ ಹಾಕುವುದು" ರೂಢಿಯಾಯಿತು.

ಧ್ವನಿಮತದಲ್ಲಿ ಯಾರೂ ಏನನ್ನೂ ಹಾಕುವುದಿಲ್ಲ. ಸ್ಪೀಕರ್ ಪ್ರಸ್ತಾವ ಓದುತ್ತಾರೆ. ಪರ ಇರುವವರು "ಹೌದು" ಅನ್ನಬೇಕು, ವಿರೋಧ ಇರುವವರು "ಇಲ್ಲ" ಅನ್ನಬೇಕು. ಯಾವ ದನಿ ದೊಡ್ಡದು ಅಂತ ಸ್ಪೀಕರ್ ಕಿವಿಗೆ ಕೇಳಿಸಿತೋ ಅದೇ ತೀರ್ಮಾನ. ಗಲಾಟೆಯ ದಿನದ ವಿಡಿಯೊ ಒಂದು ಹಾಕಿಕೊಂಡು ನೋಡಿ. ಹೌದು, ಇಲ್ಲ, ಅಂಗೀಕಾರ, ಮೂರೂ ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತವೆ. ಕಡತದಲ್ಲಿ ಉಳಿಯುವುದು ಪ್ರಸ್ತಾವ ಅಂಗೀಕಾರವಾಯಿತು ಎನ್ನುವ ಸಾಲು ಮಾತ್ರ. ಯಾರು ಹೌದು ಅಂದರು, ಯಾರು ಇಲ್ಲ ಅಂದರು, ಯಾರು ಬಾಯಿ ಮುಚ್ಚಿಕೊಂಡು ಕೂತಿದ್ದರು ಅನ್ನುವುದಕ್ಕೆ ದಾಖಲೆ ಇಲ್ಲ.

ಸರ್ವಾನುಮತ ಅಂದರೆ ಎಲ್ಲರ ಒಪ್ಪಿಗೆ, ಒಬ್ಬರದೂ ಬಿಟ್ಟುಹೋಗಿಲ್ಲ ಅಂತ. ಧ್ವನಿಮತ ಹೇಳುವುದು ಕೇಳಿದ ರೀತಿಯನ್ನು, ಒಪ್ಪಿಗೆಯ ಅಳತೆಯನ್ನಲ್ಲ. ಅರ್ಧ ಸದನ ಕೂಗಾಡುತ್ತಿದ್ದರೂ ಧ್ವನಿಮತದಿಂದ ವಿಧೇಯಕ ಪಾಸಾಗುತ್ತದೆ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ವಿಧೇಯಕಗಳು ಪಾಸಾದದ್ದು ಹೀಗೆಯೇ. ಎಣಿಕೆ ಆಗಲಿ ಅಂತ ವಿರೋಧ ಪಕ್ಷದವರು ಪಟ್ಟು ಹಿಡಿದಿದ್ದರು. ಸದಸ್ಯರು ತಮ್ಮ ಜಾಗದಲ್ಲಿ ಇರದಿದ್ದರೆ ಎಣಿಸಲಾಗದು ಎನ್ನುವುದು ಸಭೆ ನಡೆಸುತ್ತಿದ್ದ ಉಪಸಭಾಪತಿಯವರ ವಾದ. ಮರುದಿನ ಎಂಟು ಸದಸ್ಯರ ಅಮಾನತು. 2021ರ ನವೆಂಬರ್ 29ರಂದು ಆ ಕಾಯ್ದೆಗಳನ್ನು ವಾಪಸ್ ಪಡೆದದ್ದೂ ಧ್ವನಿಮತದಿಂದಲೇ. ಹೀಗಾಗಿ "ಇವರೇ ಮತ ಹಾಕಿದ್ದು" ಅನ್ನುವ ಆ ಪೋಸ್ಟರಿಗೆ ಆಧಾರವಿಲ್ಲ. ಭಾಷಣ ಮಾಡಿದ್ದರೆ ಭಾಷಣ ತೋರಿಸಿ, ಟಿ.ವಿ.ಯಲ್ಲಿ ಸಮರ್ಥಿಸಿದ್ದರೆ ಅದನ್ನು ತೋರಿಸಿ. ಮತ ಅಂತ ಮಾತ್ರ ಬರೆಯಬೇಡಿ.

ಎಣಿಸಿದಾಗ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ವಿಧಾನಸಭೆಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 2010ರ ಅಕ್ಟೋಬರ್ 11. ಸರ್ಕಾರದ ವಿರುದ್ಧ ತಿರುಗಿಬಿದ್ದ 16 ಶಾಸಕರನ್ನು ಅನರ್ಹಗೊಳಿಸಿ ಆಗಿತ್ತು. ಭಾರೀ ಗದ್ದಲದ ನಡುವೆ, ಯಡಿಯೂರಪ್ಪ ಸರ್ಕಾರ ಧ್ವನಿಮತದಿಂದ ವಿಶ್ವಾಸ ಗೆದ್ದಿದೆ ಅಂತ ಸ್ಪೀಕರ್ ಬೋಪಯ್ಯ ಘೋಷಿಸಿದರು. ರಾಜ್ಯಪಾಲ ಹಂಸರಾಜ ಭಾರದ್ವಾಜ್ ಅದನ್ನು ಒಪ್ಪಲಿಲ್ಲ. ಮೂರೇ ದಿನಕ್ಕೆ, 14ರಂದು, ಮತ್ತೆ ಕೇಳಿದಾಗ ತಲೆ ಎಣಿಸಿದರು: 106–100. ಗೆದ್ದವರು ಯಡಿಯೂರಪ್ಪನವರೇ. ಆದರೆ 11ರಂದು ನಮಗೆ ಗೊತ್ತಿದ್ದದ್ದು ಸದ್ದು ಮಾತ್ರ. 14ರಂದು ಲೆಕ್ಕ ಸಿಕ್ಕಿತು, ಎದುರು ನಿಂತವರು 100 ಜನ ಅನ್ನುವುದೂ ಗೊತ್ತಾಯಿತು.

2018ರ ಮೇ 25ರಂದು ಕುಮಾರಸ್ವಾಮಿ ವಿಶ್ವಾಸ ಗೆದ್ದದ್ದೂ ಧ್ವನಿಮತದಿಂದ, ಬಿಜೆಪಿ ಸಭಾತ್ಯಾಗ ಮಾಡಿದ ಮೇಲೆ. ಸಭಾತ್ಯಾಗ ವಿರೋಧ ಹೌದು, ವಿರೋಧ ಮತ ಅಲ್ಲ. ಇದನ್ನೂ ಸುಮ್ನೆ ಬೆರೆಸಿಬಿಡುತ್ತಾರೆ.

ಸ್ಪೀಕರ್ ತೀರ್ಮಾನವನ್ನು ಸದಸ್ಯರು ಪ್ರಶ್ನಿಸಿದರೆ "ಮತ ವಿಭಜನೆ". ಚುನಾವಣೆ ಸುದ್ದಿಯಲ್ಲಿ ಇದೇ ಪದಕ್ಕೆ ಓಟು ಒಡೆಯುವುದು ಅಂತ ಅರ್ಥ, ಅದಕ್ಕೇ ಗೊಂದಲ. ಸದನದಲ್ಲಿ ವಿಭಜನೆಯಾಗುವುದು ಸದಸ್ಯರು. ಬ್ರಿಟನ್ನಿನ ಸಂಸತ್ತಿನಲ್ಲಿ ಪರ ಇರುವವರು ಒಂದು ಪಡಸಾಲೆಗೆ, ವಿರೋಧ ಇರುವವರು ಇನ್ನೊಂದಕ್ಕೆ ನಡೆದುಹೋಗುತ್ತಾರೆ. ನಮ್ಮ ಲೋಕಸಭೆಯಲ್ಲಿ ಮೂರೂವರೆ ನಿಮಿಷ ಗಂಟೆ ಬಾರಿಸಿ, ಆಮೇಲೆ ಗುಂಡಿ ಒತ್ತಿಸುತ್ತಾರೆ: ಪರ ಇದ್ದರೆ ಹಸಿರು, ವಿರೋಧಕ್ಕೆ ಕೆಂಪು, ತಟಸ್ಥರಿಗೆ ಹಳದಿ. ಹೀಗೆ ನಡೆದಾಗ ಹೆಸರುಗಳು ದಾಖಲಾಗುತ್ತವೆ. ಆದರೆ ವಿಭಜನೆ ಅನಗತ್ಯ ಅಂತ ಸ್ಪೀಕರಿಗೆ ಅನ್ನಿಸಿದರೆ ಎದ್ದು ನಿಲ್ಲಿಸಿ ತಲೆ ಎಣಿಸಬಹುದು, ಆಗ ಹೆಸರು ಬರೆದುಕೊಳ್ಳುವುದಿಲ್ಲ. ಈ ನಿಯಮ ನನಗೆ ಸರಿ ಕಾಣುವುದಿಲ್ಲ. ನಮ್ಮ ಓಟು ಗುಟ್ಟಾಗಿರುವುದು ನಮ್ಮ ರಕ್ಷಣೆಗೆ. ನಾವು ಕಳಿಸಿದವರ ಓಟು ನಮಗೆ ಕಾಣಬೇಕು, ಅಲ್ವಾ?

ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ, ಅಂದರೆ ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು, ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು, ಅಲ್ಲಿ ಎಣಿಸದೆ ಗತಿಯಿಲ್ಲ. ಮಹಿಳಾ ಮೀಸಲಾತಿ ವಿಧೇಯಕವೂ ಅಂಥದ್ದೇ ತಿದ್ದುಪಡಿ; 2023ರ ಸೆಪ್ಟೆಂಬರ್ 20ರಂದು ಅದಕ್ಕೆ ಲೋಕಸಭೆಯಲ್ಲಿ ಬಿದ್ದದ್ದು 454–2. ಆ ಇಬ್ಬರು ಅಸಾದುದ್ದೀನ್ ಒವೈಸಿ, ಇಮ್ತಿಯಾಜ್ ಜಲೀಲ್. ಹಿಂದುಳಿದ ವರ್ಗದ, ಮುಸ್ಲಿಂ ಮಹಿಳೆಯರಿಗೆ ಒಳಮೀಸಲು ಇಲ್ಲ ಅಂತ ಒವೈಸಿ ಸದನದಲ್ಲೇ ಹೇಳಿದ್ದರು, ಹಾಗೆಯೇ ಮತ ಹಾಕಿದರು. ಅವರ ವಾದ ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆಡಿದ ಮಾತನ್ನೂ ಹಾಕಿದ ಮತವನ್ನೂ ಪಕ್ಕಪಕ್ಕ ಇಟ್ಟು ನೋಡಲಿಕ್ಕಂತೂ ಇಲ್ಲಿ ಆಗುತ್ತದೆ.