ಹನಿ ಸಣ್ಣದಾದಷ್ಟೂ ಮೋಡ ಬೆಳ್ಳಗೆ

ಉಪಗ್ರಹ ಚಿತ್ರ ಓದುವುದನ್ನು ಕಲಿಯಲು ಬರುವವರಿಗೆ ನಾನು ಮೊದಲು ತೋರಿಸುವುದು ಚಂಡಮಾರುತವನ್ನಲ್ಲ, ಕ್ಯಾಲಿಫೋರ್ನಿಯಾದಾಚೆಯ ಪೆಸಿಫಿಕ್ ಸಾಗರವನ್ನು. ಅಲ್ಲಿ ಸಮುದ್ರಕ್ಕೆ ತಾಗಿದಂತೆ ಹಾಸಿಕೊಂಡಿರುವ ತೆಳು ಮೋಡದಲ್ಲಿ ಉದ್ದುದ್ದ ಬಿಳಿ ಗೆರೆಗಳು ಕಾಣುತ್ತವೆ. ಕೆಳಗೆ ಹಡಗುಗಳು ಸಾಗಿದ ಜಾಡು ಅದು. 1960ರ ದಶಕದ ಚಿತ್ರಗಳಲ್ಲೇ ಇವು ಕಂಡಿದ್ದವು.

ಕಾಣುವುದು ಹೊಗೆಯಲ್ಲ, ಮೋಡವೇ. ಹೊಗೆಯಲ್ಲಿನ ಗಂಧಕದಿಂದ ಹುಟ್ಟಿದ ಕಣಗಳ ಸುತ್ತ ಆವಿ ಹನಿಗಟ್ಟುತ್ತದೆ. ಕಣಗಳು ಹೆಚ್ಚಿದರೆ ಇದ್ದಷ್ಟೇ ನೀರು ಹೆಚ್ಚು ಹನಿಗಳಿಗೆ ಹಂಚಿಹೋಗುತ್ತದೆ. 14 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತ್ರಿಜ್ಯದ ಒಂದು ಹನಿಯ ನೀರಿನಲ್ಲಿ 7 ಮೈಕ್ರಾನಿನ ಎಂಟು ಹನಿಗಳಾಗುತ್ತವೆ. ಬಿಸಿಲಿಗೆ ಒಡ್ಡಿಕೊಳ್ಳುವ ಅವುಗಳ ಒಟ್ಟು ಅಡ್ಡಕೊಯ್ತ ಮಾತ್ರ ಎರಡು ಪಟ್ಟು. ಪಾರದರ್ಶಕ ಕಲ್ಲುಸಕ್ಕರೆಯನ್ನು ಕುಟ್ಟಿದರೆ ಪುಡಿ ಬೆಳ್ಳಗಾಗುವುದಿಲ್ಲವೇ, ಹಾಗೆ. 1970ರ ದಶಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದವರು ವಾತಾವರಣ ವಿಜ್ಞಾನಿ ಶಾನ್ ಟೂಮಿ.

ಹನಿಯ ಗಾತ್ರವನ್ನು ನಾವು ಅಳೆಯುವುದು ಎರಡು ಬಗೆಯ ಬೆಳಕಿನಿಂದ. ಕಣ್ಣಿಗೆ ಕಾಣುವ ಬೆಳಕನ್ನು ನೀರು ಹೀರುವುದೇ ಇಲ್ಲವೆನ್ನಬಹುದು. ಅದರ ಪ್ರತಿಫಲನದಿಂದ ಮೋಡ ಎಷ್ಟು ದಟ್ಟ ಎಂಬುದು ತಿಳಿಯುತ್ತದೆ. 3.7 ಮೈಕ್ರಾನ್ ತರಂಗಾಂತರದ ಅವಕೆಂಪು ಬೆಳಕನ್ನಾದರೋ ನೀರು ಹೀರುತ್ತದೆ, ದಪ್ಪ ಹನಿ ಹೆಚ್ಚು ಹೀರುತ್ತದೆ, ಸಣ್ಣ ಹನಿ ಹೆಚ್ಚು ಮರಳಿಸುತ್ತದೆ. ಸಾಮಾನ್ಯ ಚಿತ್ರದಲ್ಲಿ ಮಸುಕಾಗಿರುವ ಹಡಗಿನ ಜಾಡು ಈ ಬೆಳಕಿನ ಚಿತ್ರದಲ್ಲಿ ಎದ್ದು ಕಾಣುವುದು ಅದಕ್ಕೇ.

ನಮ್ಮ ಮುಂಗಾರಿನ ಭಾರೀ ಮೋಡಗಳಿಗೆ ಇದರಿಂದ ಅಂಥ ವ್ಯತ್ಯಾಸವಾಗದು. ಬಿದ್ದ ಬಿಸಿಲಿನ ಬಹುಪಾಲನ್ನು ಅವು ಆಗಲೇ ಹಿಂದಕ್ಕೆ ಕಳಿಸಿರುತ್ತವೆ. (ನೆಲದಿಂದ ಕಪ್ಪಾಗಿ ಕಾಣುವ ಮೋಡವೇ ಮೇಲಿನಿಂದ ಕಣ್ಣು ಕುಕ್ಕುವಷ್ಟು ಬಿಳಿ.) ಸುಮಾರು ಅರ್ಧದಷ್ಟು ಬಿಸಿಲನ್ನು ಮರಳಿಸುವ, ಕಡುಬಣ್ಣದ ಕಡಲ ಮೇಲಿನ ಮೋಡಗಳೇ ಈ ಬದಲಾವಣೆಗೆ ಬೇಗ ಮಣಿಯುತ್ತವೆ.

2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ 3.5ರಿಂದ ಶೇ 0.5ಕ್ಕೆ ಇಳಿಯಿತು. ಜಾಡುಗಳೂ ವಿರಳವಾದವು. ಬಂದರು ನಗರಗಳ ಜನರ ಶ್ವಾಸಕೋಶಕ್ಕೆ ಇದು ಒಳ್ಳೆಯದೇ. ಆದರೆ ಆ ಮೋಡಗಳು ತಡೆಯುತ್ತಿದ್ದ ಒಂದಿಷ್ಟು ಬಿಸಿಲು ಈಗ ಕಡಲಿಗೆ ಇಳಿಯುತ್ತಿದೆ. ಅದರಿಂದ ಎಷ್ಟು ತಾಪ ಏರಿತೆಂಬುದಕ್ಕೆ ತಜ್ಞರಲ್ಲಿ ಒಮ್ಮತವಿಲ್ಲ. ಹನಿ ಸಣ್ಣದಾದಾಗ ಮೋಡದ ನೀರಿಗೆ ಏನಾಗುತ್ತದೆಂಬುದೇ ತೊಡಕು: ಸಣ್ಣ ಹನಿಗಳು ಮಳೆಯಾಗಿ ಬೀಳುವುದು ತಡವಾಗುತ್ತದೆ, ಆಗ ಮೋಡದಲ್ಲಿ ನೀರು ಉಳಿಯುತ್ತದೆ. ಅವೇ ಹನಿಗಳು ಒಣಗಾಳಿ ಸೋಕಿದರೆ ಬೇಗ ಆರಿಯೂ ಹೋಗುತ್ತವೆ. 2014-15ರಲ್ಲಿ ಐಸ್‌ಲ್ಯಾಂಡಿನ ಹೋಲುಹ್ರೌನ್‌ನಲ್ಲಿ ಲಾವಾ ಉಕ್ಕಿ ಗಂಧಕದ ಅನಿಲ ಹರಡಿದಾಗ ಸುತ್ತಲಿನ ಕಡಲ ಮೋಡಗಳಲ್ಲಿ ಹನಿಗಳೇನೋ ಸ್ಪಷ್ಟವಾಗಿ ಕುಗ್ಗಿದವು, ಮೋಡದ ನೀರಿನ ಪ್ರಮಾಣ ಮಾತ್ರ ಹೆಚ್ಚೂಕಡಿಮೆ ಇದ್ದಂತೆಯೇ ಇತ್ತು.