ಎರಡು ಕೋಟಿ ಟನ್ ಅದಿರು ಮತ್ತು ಬೋನಸ್ ಜಗಳ

ವೈಜ್ಞಾನಿಕ ಕಥಾಚಿತ್ರ ನೋಡುವಾಗ ನನ್ನ ಕಣ್ಣು ರಾಕೆಟ್ಟಿಗಿಂತ ಮೊದಲು ಬಾಗಿಲ ಹಿಡಿಯ ಮೇಲೆ ಬೀಳುತ್ತದೆ. ಹತ್ತಾರು ಕೈಗಳು ಮುಟ್ಟಿ ಬಣ್ಣ ಮಾಸಿದ ಹಿಡಿ ಕಂಡರೆ ಆ ನೌಕೆಯನ್ನು ನಂಬುತ್ತೇನೆ. ನಿನ್ನೆ ತಾನೇ ಬಣ್ಣ ಬಳಿದಂತೆ ಫಳಫಳ ಎನ್ನುತ್ತಿದ್ದರೆ ಕಥೆ ಎಷ್ಟೇ ದೊಡ್ಡದಿರಲಿ, ಅರ್ಧ ಆಸಕ್ತಿ ಅಲ್ಲಿಗೇ ಇಳಿದುಹೋಗುತ್ತದೆ. ಕೆಜಿಎಫ್‌ನಲ್ಲಿ ಬೆಳೆದವನಿಗೆ ಈ ಚಾಳಿ ಬರದಿದ್ದರೆ ಆಶ್ಚರ್ಯ. ನಮ್ಮಲ್ಲಿ ಯಂತ್ರವೆಂದರೆ ತುಕ್ಕು, ಗ್ರೀಸು, ದುಡಿದವರ ಬೆವರು ಮೂರೂ ಸೇರಿದ್ದು.

1979ರಲ್ಲಿ ಬಂದ ರಿಡ್ಲಿ ಸ್ಕಾಟ್ ನಿರ್ದೇಶನದ 'ಏಲಿಯನ್' ಚಿತ್ರವನ್ನು ಎಲ್ಲರೂ ಅದರ ಭಯಾನಕ ಪ್ರಾಣಿಗಾಗಿ ನೆನೆಯುತ್ತಾರೆ. ನನಗೆ ಇಷ್ಟವಾಗುವುದು ಪ್ರಾಣಿ ಕಾಣಿಸಿಕೊಳ್ಳುವುದಕ್ಕೆ ಮುಂಚಿನ ಭಾಗ. ಏಳು ಮಂದಿ ಕೆಲಸಗಾರರು ಎರಡು ಕೋಟಿ ಟನ್ ಅದಿರನ್ನು ಭೂಮಿಗೆ ಎಳೆದು ತರುತ್ತಿದ್ದಾರೆ. ದೀರ್ಘ ನಿದ್ದೆಯಿಂದ ಎದ್ದವರು ತಿಂಡಿಗೆ ಕುಳಿತಾಗ, ಎಂಜಿನ್ ವಿಭಾಗದ ಇಬ್ಬರು ತೆಗೆಯುವ ಮೊದಲ ಗಂಭೀರ ಮಾತು ಬೋನಸ್‌ನದು. ತಮಗೆ ಉಳಿದವರಷ್ಟು ಪಾಲು ಏಕಿಲ್ಲ ಎಂಬ ತಕರಾರು. ಗಣಿಯಲ್ಲಿ ದುಡಿದು ನಿವೃತ್ತರಾಗಿದ್ದ ನಮ್ಮ ನೆರೆಮನೆಯ ತಾತ ಒಮ್ಮೆ ನನ್ನ ಜೊತೆ ಕುಳಿತು ಇದನ್ನು ನೋಡಿದರು. ಪ್ರಾಣಿ ಎದೆ ಸೀಳಿ ಬಂದಾಗಲೂ ಅವರು ಅಲುಗಲಿಲ್ಲ. ಕೊನೆಯಲ್ಲಿ "ಅವರಿಗೆ ಬೋನಸ್ ಕೊಟ್ಟರೇನಪ್ಪಾ?" ಎಂದು ಕೇಳಿದರು. ಚಿತ್ರವನ್ನು ಅವರಷ್ಟು ಸರಿಯಾಗಿ ಹಿಡಿದ ವಿಮರ್ಶಕರು ಕಡಿಮೆ.

ಎರಡು ಕೋಟಿ ಟನ್ ಎಂದರೆ ಎಷ್ಟು? ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದು ಸುರಿದು ಬೆಳೆದ ಸೈನೈಡ್ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಇದೆ. ಅಂದರೆ ಚಿತ್ರದ ಆ ಮಹಾನೌಕೆಯ ಸರಕಿಗಿಂತ ಹೆಚ್ಚಿನದನ್ನು ನಮ್ಮ ಊರಿನವರು ನೆಲದಡಿಯಿಂದ ಎತ್ತಿ, ಅರೆದು, ಊರ ಪಕ್ಕದಲ್ಲೇ ಗುಡ್ಡೆ ಹಾಕಿದ್ದಾರೆ. ಬೇಸಿಗೆಯ ಗಾಳಿಗೆ ಆ ಪುಡಿ ಎದ್ದು ಮನೆಯೊಳಗೆ ಬಂದಾಗ ಯಾರಿಗೂ ಅನ್ಯಗ್ರಹದ ನೆನಪಾಗುವುದಿಲ್ಲ, ಒಗೆದು ಒಣಹಾಕಿದ ಬಟ್ಟೆಯ ನೆನಪಾಗುತ್ತದೆ.

ಅದೇ ಚಿತ್ರದ ಊಟದ ಮೇಜಿನ ಮೇಲೆ ತಲೆಯಾಡಿಸುವ ಗಾಜಿನ ಹಕ್ಕಿಯ ಆಟಿಕೆ ಇದೆ. ಇದು ಪುಟ್ಟದೊಂದು ಉಷ್ಣಯಂತ್ರ. ಹಕ್ಕಿಯ ತಲೆಗೆ ಹೊದಿಸಿದ ಒದ್ದೆ ಬಟ್ಟೆಯಿಂದ ನೀರು ಆವಿಯಾದಾಗ ತಲೆ ತಣ್ಣಗಾಗುತ್ತದೆ, ಅಲ್ಲಿನ ಆವಿಯ ಒತ್ತಡ ತಗ್ಗುತ್ತದೆ, ಹೊಟ್ಟೆಯಲ್ಲಿರುವ ದ್ರವ ಕೊರಳಿನ ಮೂಲಕ ಮೇಲೇರುತ್ತದೆ. ತಲೆ ಭಾರವಾಗಿ ಹಕ್ಕಿ ಮುಂದಕ್ಕೆ ಬಾಗುತ್ತದೆ. ಬಾಗಿದಾಗ ದ್ರವ ಹಿಂದಕ್ಕೆ ಹರಿಯುತ್ತದೆ, ಹಕ್ಕಿ ಮತ್ತೆ ನೆಟ್ಟಗಾಗುತ್ತದೆ. ಸುತ್ತಲಿನ ಗಾಳಿ ತೇವಾಂಶದಿಂದ ತುಂಬಿಬಿಟ್ಟರೆ ಆವಿಯಾಗುವುದು ನಿಲ್ಲುತ್ತದೆ, ಹಕ್ಕಿಯೂ ನಿಲ್ಲುತ್ತದೆ. ಮನುಷ್ಯನ ಗತಿಯೂ ಅಷ್ಟೇ. ಬೆವರು ಆರದಿದ್ದರೆ ಮೈ ತಂಪಾಗದು. ಆಳದ ಗಣಿಗಳ ಎಂಜಿನಿಯರುಗಳಿಗೆ ಜಗತ್ತಿನಾದ್ಯಂತ ದೊಡ್ಡ ತಲೆನೋವೆಂದರೆ ಇದೇ. ಹಾಗಾಗಿ ಆ ಹಕ್ಕಿ ಆಡುತ್ತಿರುವವರೆಗೆ ನೌಕೆಯ ಗಾಳಿ ಉಸಿರಾಡಲು ಹಿತವಾಗಿದೆ ಎಂದು ನಾನು ಓದಿಕೊಳ್ಳುತ್ತೇನೆ. ಕಲಾ ವಿಭಾಗದವರು ಅಷ್ಟೆಲ್ಲ ಯೋಚಿಸಿದ್ದರೋ ಇಲ್ಲವೋ, ಅಭಿಮಾನಿಗೆ ಅಷ್ಟು ಸ್ವಾತಂತ್ರ್ಯ ಇರಲಿ.

ಆ ನೌಕೆಯ ಒಳಾಂಗಣವನ್ನು ರೂಪಿಸಿದವರಲ್ಲಿ ರಾನ್ ಕಾಬ್ ಒಬ್ಬರು. ಗಾಳಿಯ ಒತ್ತಡವಿರುವ ಕೋಣೆ ಯಾವುದು, ಇಲ್ಲದ್ದು ಯಾವುದು, ಕೃತಕ ಗುರುತ್ವ ಎಲ್ಲಿಲ್ಲ ಎಂದು ತಿಳಿಸಲು ಅವರು ಪುಟ್ಟ ಪುಟ್ಟ ಚಿತ್ರಸಂಕೇತಗಳನ್ನೇ ಬರೆದರು. ಅವು ಬಾಗಿಲುಗಳ ಪಕ್ಕದಲ್ಲಿವೆ, ಕಥೆಯಲ್ಲಿ ಯಾರೂ ಅವುಗಳ ಬಗ್ಗೆ ಮಾತನಾಡುವುದಿಲ್ಲ. ಗಣಿಯ ಕೇಜ್, ಅಂದರೆ ಜನರನ್ನು ಆಳಕ್ಕೆ ಒಯ್ಯುವ ಲಿಫ್ಟು, ಇಳಿಸುವಾಗ, ಏರಿಸುವಾಗ ಬಾರಿಸುವ ಗಂಟೆಗಳ ಲೆಕ್ಕವೂ ಹೀಗೆಯೇ. ಇಷ್ಟು ಗಂಟೆಯಾದರೆ ನಿಲ್ಲಿಸು, ಇಷ್ಟಾದರೆ ಒಳಗೆ ಜನರಿದ್ದಾರೆ. ಒಳಗಿನವರಿಗೆ ಅದು ಜೀವದ ಪ್ರಶ್ನೆ, ಆದ್ದರಿಂದಲೇ ಅದನ್ನು ಯಾರೂ ವಿವರಿಸಿ ಹೇಳುತ್ತಾ ಕೂರುವುದಿಲ್ಲ. ಪಾತ್ರಗಳಿಗೆ ಗೊತ್ತಿರುವುದನ್ನೇ ಪಾತ್ರಗಳ ಬಾಯಲ್ಲಿ ಹೇಳಿಸುವ ಚಿತ್ರಗಳನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಮಾಸಿದ ಭವಿಷ್ಯವನ್ನು ಜನಪ್ರಿಯಗೊಳಿಸಿದ್ದು 1977ರ 'ಸ್ಟಾರ್ ವಾರ್ಸ್'. ಅದರ ಮಾದರಿ ತಯಾರಕರು ಅಂಗಡಿಯಲ್ಲಿ ಸಿಗುವ ಟ್ಯಾಂಕು, ವಿಮಾನಗಳ ಪ್ಲಾಸ್ಟಿಕ್ ಕಿಟ್‌ಗಳನ್ನು ಕೊಂಡು, ಬಿಡಿಭಾಗಗಳನ್ನು ಕಿತ್ತು ನೌಕೆಯ ಮೈತುಂಬ ಅಂಟಿಸಿದರು. ಸಣ್ಣ ವಿವರ ಹೆಚ್ಚಾದಷ್ಟೂ ಕಣ್ಣು ಆ ವಸ್ತುವನ್ನು ದೊಡ್ಡದೆಂದು ಎಣಿಸುತ್ತದೆ. ಧ್ವನಿ ವಿನ್ಯಾಸಕ ಬೆನ್ ಬರ್ಟ್ ಅವರು ರೇಡಿಯೊ ಗೋಪುರವನ್ನು ಬಿಗಿದಿದ್ದ ಉಕ್ಕಿನ ತಂತಿಗೆ ಬಡಿದು ಬಂದೂಕಿನ ಸದ್ದು ಹಿಡಿದರು. ಬಿಗಿದ ದಪ್ಪ ತಂತಿಯಲ್ಲಿ ಕೀಚಲು ಕಂಪನಗಳು ವೇಗವಾಗಿ ಓಡಿ ಮೊದಲು ತಲುಪುತ್ತವೆ, ಗಡಸು ಕಂಪನಗಳು ಹಿಂದೆ ಬೀಳುತ್ತವೆ. ಆ 'ಪ್ಯೂಂ' ಹುಟ್ಟುವುದು ಹಾಗೆ. ನಿರ್ವಾತದಲ್ಲಿ ಸದ್ದೇ ಇಲ್ಲ ಎಂದು ಮೂಗು ಮುರಿಯುವವರು ಮುರಿಯಲಿ, ಆ ಸದ್ದಿನಲ್ಲಿ ನಿಜವಾದ ಉಕ್ಕು ಇದೆ.

ಭೌತಶಾಸ್ತ್ರವೇ ಸೆಟ್ಟಿನ ಆಕಾರವನ್ನು ನಿರ್ಧರಿಸಿದ್ದಕ್ಕೆ ದೊಡ್ಡ ಉದಾಹರಣೆ 1968ರ '2001: ಎ ಸ್ಪೇಸ್ ಒಡಿಸ್ಸಿ'. ನೀರು ತುಂಬಿದ ಬಿಂದಿಗೆಯನ್ನು ತೋಳಿನಲ್ಲಿ ಗಿರ್ರನೆ ಸುತ್ತಿಸಿದರೆ ತಲೆಕೆಳಗಾದಾಗಲೂ ನೀರು ಚೆಲ್ಲದಲ್ಲ, ಅದೇ ಉಪಾಯದಿಂದ ನೌಕೆಯೊಳಗೆ ತೂಕ ಹುಟ್ಟಿಸಬಹುದು. ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಇದಕ್ಕಾಗಿ 38 ಅಡಿ ವ್ಯಾಸದ, ನಿಜವಾಗಿ ತಿರುಗುವ ಚಕ್ರವನ್ನೇ ಕಟ್ಟಿಸಿದರು. ಕಟ್ಟಿಕೊಟ್ಟದ್ದು ವಿಮಾನ ಮತ್ತು ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್ ಸಂಸ್ಥೆ. ಚಕ್ರ ತಿರುಗುತ್ತಿದ್ದರೆ ನಟ ಕೆಳಭಾಗದಲ್ಲೇ ಉಳಿದು ಓಡುತ್ತಿದ್ದ. ಕ್ಯಾಮೆರಾವನ್ನು ಚಕ್ರಕ್ಕೇ ಬಿಗಿದು ಚಿತ್ರಿಸಿದರೆ ಆತ ಗೋಡೆ ಹತ್ತಿ ಸುತ್ತು ಹಾಕಿದಂತೆ ತೋರುತ್ತಿತ್ತು.

ಲೆಕ್ಕ ಹಾಕಿ ನೋಡೋಣ. ತ್ರಿಜ್ಯ ಸುಮಾರು 5.8 ಮೀಟರ್. ಭೂಮಿಯಷ್ಟೇ ತೂಕ ಬೇಕೆಂದರೆ ನಿಮಿಷಕ್ಕೆ 12 ಸುತ್ತಿಗಿಂತ ಹೆಚ್ಚು ತಿರುಗಬೇಕು. ಒಳಗಿದ್ದವನು ತಲೆ ಹೊರಳಿಸಿದರೆ ಸಾಕು, ಹೊಟ್ಟೆ ತೊಳಸಿ ಬರುತ್ತದೆ. ಚಂದ್ರನ ಮೇಲಿನಷ್ಟೇ ತೂಕ ಸಾಕು ಎಂದುಕೊಂಡರೆ ಐದು ಸುತ್ತು ಸಾಕಾಗುತ್ತದೆ. ಆದರೂ ಇನ್ನೊಂದು ತೊಡಕು ಉಳಿಯುತ್ತದೆ. 1.7 ಮೀಟರ್ ಎತ್ತರದ ಮನುಷ್ಯ ನಿಂತರೆ ಅವನ ತಲೆ ಅಕ್ಷಕ್ಕೆ ಹತ್ತಿರವಿರುತ್ತದೆ, ಹಾಗಾಗಿ ಪಾದದ ಬಳಿಗಿಂತ ತಲೆಯ ಬಳಿ ಗುರುತ್ವ ಶೇಕಡಾ 29ರಷ್ಟು ಕಡಿಮೆ. ನಿಮಿಷಕ್ಕೆ ಎರಡೇ ಸುತ್ತಿನಲ್ಲಿ ಭೂಮಿಯ ತೂಕ ಬೇಕೆಂದರೆ ತ್ರಿಜ್ಯ ಸುಮಾರು 224 ಮೀಟರ್ ಆಗಬೇಕು. ಅಷ್ಟು ದೊಡ್ಡ ಚಕ್ರವನ್ನು ಯಾವ ಸ್ಟುಡಿಯೊ ಕಟ್ಟೀತು? ಚಿತ್ರಮಂದಿರದಲ್ಲಿ ನಮಗೆ ವಾಂತಿ ಬರುವುದಿಲ್ಲವಾದ್ದರಿಂದ ಕುಬ್ರಿಕ್ ಗೆದ್ದರು.

ವಿಜ್ಞಾನಕ್ಕೆ ಎಲ್ಲಿಯವರೆಗೆ ನಿಷ್ಠೆ ತೋರಬೇಕು ಎಂಬ ಪ್ರಶ್ನೆಗೆ 2014ರ 'ಇಂಟರ್‌ಸ್ಟೆಲ್ಲರ್' ಕೊಟ್ಟ ಉತ್ತರ ಸ್ವಾರಸ್ಯಕರ. ಭೌತವಿಜ್ಞಾನಿ ಕಿಪ್ ಥಾರ್ನ್ ಅವರ ಸಮೀಕರಣಗಳಿಂದ ಅದರ ಕಪ್ಪುಕುಳಿ ಮೂಡಿತು, ಕೆಲವು ಚೌಕಟ್ಟುಗಳನ್ನು (ಫ್ರೇಮ್) ರೂಪಿಸಲು ಕಂಪ್ಯೂಟರುಗಳಿಗೆ 100 ಗಂಟೆಯವರೆಗೂ ಹಿಡಿಯಿತು. ಕುಳಿಯ ಸುತ್ತ ಗರಗರ ತಿರುಗುವ ಬಿಸಿ ಅನಿಲದಲ್ಲಿ ನಮ್ಮತ್ತ ಧಾವಿಸುವ ಬದಿ ಪ್ರಖರವಾಗಿ, ದೂರ ಸರಿಯುವ ಬದಿ ಮಂಕಾಗಿ ಕಾಣಬೇಕು. ಪ್ರೇಕ್ಷಕರಿಗೆ ಗೊಂದಲವಾದೀತೆಂದು ಅದನ್ನು ಬಿಟ್ಟು, ಎರಡೂ ಬದಿಯನ್ನು ಸಮಾನವಾಗಿ ಬೆಳಗಿಸಿದರು. 2019ರ ಏಪ್ರಿಲ್‌ನಲ್ಲಿ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಮೊದಲ ಚಿತ್ರ ಬಂದಾಗ ಉಂಗುರದ ಒಂದು ಬದಿ ಎದ್ದು ಕಾಣುವಷ್ಟು ಪ್ರಖರವಾಗಿತ್ತು. ಆ ಓರೆತನವೇ ಅದರ ಜೀವಾಳ. ಚಿತ್ರದವರು ಪ್ರೇಕ್ಷಕರನ್ನು ಇನ್ನೊಂದಿಷ್ಟು ನಂಬಬಹುದಿತ್ತು ಎಂದೇ ನನ್ನ ಅಭಿಪ್ರಾಯ.

ಕೋಲಾರ ಜಿಲ್ಲೆಗೆ ಕ್ಯಾಮೆರಾ ಹೊತ್ತು ಬರುವವರು ಸಾಮಾನ್ಯವಾಗಿ ಸೈನೈಡ್ ದಿಬ್ಬಗಳ ಮೇಲೆ ಹೊಡೆದಾಟ ಚಿತ್ರಿಸಿ ಹೋಗುತ್ತಾರೆ. ದಿಬ್ಬದಡಿಯ ಕಥೆ ಅದಕ್ಕಿಂತ ವಿಚಿತ್ರ. ಮೂರು ಕಿಲೋಮೀಟರಿಗಿಂತ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಕೆಳಗೆ, 1965ರಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಎಂಬ, ಸುಲಭವಾಗಿ ಯಾವುದಕ್ಕೂ ಸಿಕ್ಕಿಬೀಳದ ಸೂಕ್ಷ್ಮ ಕಣಗಳಿಗಾಗಿ ಕಾದು ಕುಳಿತಿದ್ದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ನಡೆಸಿದ ಪ್ರಯೋಗವದು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳನ್ನು ಮೊದಲಿಗೆ ಪತ್ತೆ ಮಾಡಿ ವರದಿ ಮಾಡಿದವರಲ್ಲಿ ಇವರೂ ಸೇರಿದ್ದಾರೆ.

ಆ ಉಪಕರಣದ ಆಕಾರವನ್ನು ಗಮನಿಸಿ. ನೆಲದ ಮೇಲೆ ಅಂಗೈ ಚಾಚಿದರೆ ಅದೇ ಕಾಸ್ಮಿಕ್ ಕಿರಣಗಳಿಂದ ಹುಟ್ಟಿದ ಮ್ಯೂಆನ್ ಎಂಬ ಕಣ ಸೆಕೆಂಡಿಗೆ ಒಂದಾದರೂ ಅದನ್ನು ತೂರಿ ಹೋಗುತ್ತದೆ. ಅಷ್ಟು ಬಂಡೆಯ ಕೆಳಗೆ ಬಹುಪಾಲು ತಡೆದು ನಿಲ್ಲುತ್ತವೆ, ನುಸುಳಿ ಬರುವ ಒಂದಿಷ್ಟು ಮೇಲಿನಿಂದ ಹೆಚ್ಚುಕಡಿಮೆ ನೆಟ್ಟಗೆ ಬೀಳುತ್ತವೆ. ನ್ಯೂಟ್ರಿನೊಗಳಿಗಾದರೋ ಭೂಮಿಯೇ ಲೆಕ್ಕಕ್ಕಿಲ್ಲ. ಅವು ಎಲ್ಲ ದಿಕ್ಕಿನಿಂದ ಬಂದು ಬಂಡೆಯಲ್ಲಿ ಅಪರೂಪಕ್ಕೊಮ್ಮೆ ಮ್ಯೂಆನ್ ಹುಟ್ಟಿಸುತ್ತವೆ. ಹಾಗಾಗಿ ಅಡ್ಡಡ್ಡ ಬರುವ ಕಣ ಸಿಕ್ಕರೆ ಅದು ನ್ಯೂಟ್ರಿನೊದ ಕೂಸು. ಅದನ್ನು ಹಿಡಿಯಲೆಂದು ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ಕಿನ ಫಲಕಗಳನ್ನೂ ನಿಯಾನ್ ಕೊಳವೆಗಳ ಸಾಲುಗಳನ್ನೂ ಮಲಗಿಸದೆ, ಗೋಡೆಗಳಂತೆ ನಿಲ್ಲಿಸಿದರು. ಗಣಿಯ ಸುರಂಗ, ಅದರೊಳಗೆ ಎದುರುಬದುರು ನಿಂತ ಗೋಡೆಗಳು, ಕಣ ಹಾದ ಕಡೆ ಕೊಳವೆಗಳು ಒಂದರ ಪಕ್ಕ ಒಂದು ಹೊತ್ತಿಕೊಂಡು ಬರೆಯುವ ಕೆಂಪು ಗೆರೆ. ಯಾವ ಕಲಾ ನಿರ್ದೇಶಕ ಇದಕ್ಕಿಂತ ಚೆನ್ನಾಗಿ ಊಹಿಸಿಯಾನು?

2001ರಲ್ಲಿ ಗಣಿ ಮುಚ್ಚಿತು. ಆ ಸುರಂಗವನ್ನು ಸೆಟ್ಟಿನಲ್ಲಿ ಮರುಕಟ್ಟಿ ಕನ್ನಡದಲ್ಲಿ ಯಾರಾದರೂ ಚಿತ್ರ ಮಾಡುವುದಾದರೆ ಟಿಕೆಟ್ ಸಾಲಿನಲ್ಲಿ ಮೊದಲು ನಿಲ್ಲುವವನು ನಾನೇ. ಕೇಜ್ ಬರುವುದು ತಡವಾಯಿತೆಂದು ಗೊಣಗುವ ವಿಜ್ಞಾನಿ ಇರಲಿ, ಇವರು ಚಿನ್ನ ಬಿಟ್ಟು ಏನು ಹುಡುಕುತ್ತಿದ್ದಾರೆಂದು ನಗುವ ಕಾರ್ಮಿಕರಿರಲಿ, ಬಂಡೆ ಸಿಡಿದ ಸದ್ದಿಗೆ ಎಲ್ಲರೂ ಒಮ್ಮೆಗೇ ಸುಮ್ಮನಾಗುವ ದೃಶ್ಯವಿರಲಿ. ಗ್ರಾಫಿಕ್ಸ್ ಖರ್ಚಿನ ಬಗ್ಗೆ ನಿರ್ಮಾಪಕರು ಚಿಂತಿಸಬೇಕಿಲ್ಲ, ನಿಯಾನ್ ಕೊಳವೆ ತಾನಾಗಿಯೇ ಹೊಳೆಯುತ್ತದೆ.