ಬಲೆಯ ಚೀಲವನ್ನು ಜೆಟ್ಟಿಯಲ್ಲೇ ನೋಡಿ

ಗೋವಾದಲ್ಲಿರುವ ನಮ್ಮ ಕನ್ನಡದವರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ: ಬಂಗುಡೆ ಯಾಕೆ ಇಷ್ಟು ಸಣ್ಣ ಆಯ್ತು, ಇಸ್ವಾಣ್ ಮೀನಿನ ಬೆಲೆ ಯಾಕೆ ಮುಟ್ಟೋ ಹಾಗಿಲ್ಲ? ಮಳೆ ಸರಿ ಇಲ್ಲ, ಸಮುದ್ರ ಕೆಟ್ಟಿದೆ, ಹೊರದೇಶದವರು ಬಾಚಿಕೊಂಡು ಹೋಗುತ್ತಾರೆ ಅಂತ ಉತ್ತರವನ್ನೂ ಅವರೇ ಕೊಡುತ್ತಾರೆ. ಉತ್ತರದ ದೊಡ್ಡ ಪಾಲು ಪಣಜಿ ಎದುರಿನ ಮಾಲಿಂ ಜೆಟ್ಟಿಯಲ್ಲೇ ಬಿದ್ದಿರುತ್ತದೆ. ಮೀನು ಅಳೆಯುವುದು ನನ್ನ ಕೆಲಸ. ಅಳತೆ ಹಲಗೆ, ತಕ್ಕಡಿ ಹಿಡಿದು ನಾನು ಜಾಸ್ತಿ ಹೊತ್ತು ನಿಲ್ಲುವುದು ಹರಾಜಿನ ಹತ್ತಿರ ಅಲ್ಲ, ‘ಟ್ರ್ಯಾಶ್’ ರಾಶಿಯ ಹತ್ತಿರ.

ಟ್ರಾಲ್ ಬೋಟ್ ಬಂದ ಕೂಡಲೇ ಸಿಗಡಿ, ಬೊಂಡಾಸ್ (ಸ್ಕ್ವಿಡ್), ದೊಡ್ಡ ಮೀನು ಬುಟ್ಟಿಗೆ ಹೋಗುತ್ತವೆ. ಉಳಿದದ್ದನ್ನು ಸಲಿಕೆಯಲ್ಲಿ ಎಳೆದು ಗುಡ್ಡೆ ಹಾಕುತ್ತಾರೆ. ಒಮ್ಮೆ ಅದನ್ನು ಕೆದಕಿ ನೋಡಿ. ಬೆರಳುದ್ದದ ರಾಣಿಮೀನು, ದಾರದ ಹಾಗಿರುವ ರಿಬ್ಬನ್ ಮೀನು, ಅಂಗೈಯನ್ನೂ ತುಂಬದ ಪಾಂಪ್ಲೆಟ್, ಏಡಿ ಮರಿ, ನಕ್ಷತ್ರಮೀನು, ಶಂಖ, ಆಗಾಗ ಸತ್ತ ಸಮುದ್ರಹಾವು. ಇದೆಲ್ಲ ಲಾರಿ ಹತ್ತಿ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತದೆ. 4ರಿಂದ 5 ಕಿಲೋ ಹಸಿ ಮೀನು ಬೇಯಿಸಿ ಒಣಗಿಸಿದರೆ 1 ಕಿಲೋ ಪುಡಿ. ಅದು ಕೋಳಿಗೆ, ಕೆರೆಯಲ್ಲಿ ಸಾಕುವ ಸಿಗಡಿಗೆ ಮೇವು.

ಇಸ್ವಾಣ್ ಅಂದರೆ ನಮ್ಮ ಅಂಜಲ್. ಸುಮಾರು 70 ಸೆಂ.ಮೀ. ಬೆಳೆದ ಮೇಲೆ ಮೊಟ್ಟೆ ಇಡುವ ಮೀನು. ಗೇಣುದ್ದದ್ದರ ಹೊಟ್ಟೆ ಸೀಳಿದರೆ ಗಂಡೋ ಹೆಣ್ಣೋ ಅಂತ ಬರಿಗಣ್ಣಿಗೆ ಗೊತ್ತಾಗುವುದೇ ಇಲ್ಲ. ಒಳಗೆ ನೂಲಿನೆಳೆಯಷ್ಟು ತೆಳ್ಳಗಿನ ಏನೋ ಇರುತ್ತದೆ, ಅಷ್ಟೇ. ಅಂಥದ್ದನ್ನು ಪುಡಿ ಮಾಡಿದ ಮೇಲೆ ದೊಡ್ಡ ಮೀನು ಎಲ್ಲಿಂದ ಬರಬೇಕು?

ತಪ್ಪು ಬಲೆಯ ತುದಿಯಲ್ಲಿದೆ. ಟ್ರಾಲ್ ಬಲೆ ಅಂದರೆ ಸಮುದ್ರದ ತಳ ಕೆರೆಯುತ್ತಾ ಹೋಗುವ ಉದ್ದನೆಯ ಲಾಳಿಕೆ. ಅದರ ಕೊನೆಗೆ ಒಂದು ಚೀಲ. ಸಾಮಾನ್ಯವಾಗಿ ಚೀಲದ ಕಣ್ಣುಗಳು ಡೈಮಂಡ್ ಆಕಾರದವು. ದಡದಲ್ಲಿ ಅಳೆದರೆ ಅಗಲವಾಗಿಯೇ ಕಾಣುತ್ತವೆ. ಬೋಟ್ ಎಳೆಯತೊಡಗಿತೋ, ಹಗ್ಗ ಬಿಗಿದು ಕಣ್ಣು ಮುಚ್ಚಿಕೊಳ್ಳುತ್ತದೆ. ಮರಿ ತಪ್ಪಿಸಿಕೊಳ್ಳಲು ಸೀಳಿನಷ್ಟೂ ಜಾಗ ಉಳಿಯುವುದಿಲ್ಲ. ಅದೇ ಬಲೆಯನ್ನು 45 ಡಿಗ್ರಿ ತಿರುಗಿಸಿ ಹೊಲಿದರೆ ಕಣ್ಣು ಚೌಕವಾಗುತ್ತದೆ, ಎಳೆದರೂ ತೆರೆದೇ ಇರುತ್ತದೆ. ಹೊಸ ಎಂಜಿನ್ ಬೇಡ, ಹೊರದೇಶದ ಯಂತ್ರ ಬೇಡ. ಕತ್ತರಿ, ಸೂಜಿ, ನೂಲು ಸಾಕು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ವರ್ಷಗಳಿಂದ ಹೇಳುತ್ತಿರುವುದೂ ಇದನ್ನೇ.

ಜಗಳ ಹಳೆಯದು. 1970ರ ದಶಕದಲ್ಲಿ ಟ್ರಾಲರ್‌ಗಳು ದಡಕ್ಕೆ ಅಂಟಿಕೊಂಡೇ ಬಲೆ ಎಳೆಯತೊಡಗಿದಾಗ ಇಲ್ಲಿನ ರಾಂಪೊಣ್‌ಕಾರರು ಬೀದಿಗಿಳಿದರು. ನಮ್ಮ ಕಾರವಾರ ಕಡೆಯ ರಂಪಣಿಯವರ ಹಾಗೇ ದಡದಿಂದ ಬಲೆ ಎಳೆಯುವವರು ಅವರು. ಹೋರಾಟಗಾರ ಮಾತಾನಿ ಸಾಲ್ಡಾನ್ಹಾ ಮುಂದೆ ನಿಂತರು. ಆ ಹೋರಾಟದ ಫಲವೇ ಗೋವಾದ 1980ರ ಮೀನುಗಾರಿಕೆ ಕಾಯ್ದೆ. ಅದರಂತೆ ದಡದಿಂದ 5 ಕಿ.ಮೀ. ಒಳಗೆ ಯಂತ್ರದ ಬೋಟ್ ಮೀನು ಹಿಡಿಯುವಂತಿಲ್ಲ. ಆಮೇಲೆ ಎಲ್‌ಇಡಿ ಬಂತು. ಕತ್ತಲಲ್ಲಿ ದೀಪ ಹೊತ್ತಿಸಿ, ಬೆಳಕಿಗೆ ಗುಂಪುಗೂಡಿದ ಮೀನಿಗೆಲ್ಲ ಪರ್ಸೀನ್ ಬಲೆ ಸುತ್ತುವುದು. ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಎಲ್‌ಇಡಿಯನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಕಾಗದದಲ್ಲಿ ಎಲ್ಲ ಇದೆ. ಮಲ್ಪೆ ಬೋಟ್ ಗೋವಾ ಗಡಿ ದಾಟಿತು ಅಂತ ಆಗಾಗ ರಂಪ ಆಗುತ್ತದಲ್ಲ, ಆಗಲೂ ಯಾರೂ ಬಲೆಯ ಕಣ್ಣು ಎಷ್ಟು ಅಂತ ಕೇಳುವುದಿಲ್ಲ.

ಎಲ್ಲದಕ್ಕೂ ಬಲೆಯೇ ಕಾರಣ ಅಂತ ನಾನು ಹೇಳುವುದಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕ ಬೂತಾಯಿ (ಸಾರ್ಡೀನ್) 2021ಕ್ಕೆ 3,297 ಟನ್‌ಗೆ ಇಳಿಯಿತು. ನೀರಿನ ಬಿಸಿ, ಪೆಸಿಫಿಕ್ ಸಾಗರ ಬಿಸಿಯಾಗಿ ಹವಾಮಾನ ಏರುಪೇರಾಗುವ ಎಲ್ ನಿನೊ ಇವುಗಳ ಪಾತ್ರವೂ ಅದರಲ್ಲಿದೆ. ಆದರೆ ಬಿಸಿ ನೀರನ್ನು ನಾವು ತಣಿಸಲಾರೆವು. ಚೀಲ ಬದಲಿಸಬಹುದು. ಇಡೀ ಜಗತ್ತಿನಲ್ಲೇ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಮೀನು ಸಂತತಿಗಳನ್ನು ಮಿತಿ ಮೀರಿ ಹಿಡಿಯಲಾಗುತ್ತಿದೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ಯಾವ ದೇಶಕ್ಕೂ ಸೇರದ ದೂರದ ಸಾಗರ ಉಳಿಸಲು 2023ರಲ್ಲಿ ಒಪ್ಪಂದವೂ ಆಯಿತು. ಒಳ್ಳೆಯದೇ. ಆದರೆ ನಮ್ಮ ಮರಿ ಮೀನು ಸಾಯುವುದು ದಡದ ಹತ್ತಿರ.

ಕುಮಟಾ ಕಡೆಯ ತಾಂಡೇಲರೊಬ್ಬರು (ಬೋಟ್ ನಡೆಸುವವರು) ನನಗೆ ಹೇಳಿದ್ದು ಹೀಗೆ: ‘ಸರ್, ಡೀಸೆಲ್ ಖರ್ಚು ಹುಟ್ಟಬೇಕಲ್ಲ. ಪಕ್ಕದ ಬೋಟಿನವ ಸಣ್ಣ ಕಣ್ಣಿನ ಬಲೆ ಎಳೀತಾನೆ. ನಾನೊಬ್ಬ ದೊಡ್ಡ ಕಣ್ಣು ಹಾಕಿ ಬಿಟ್ಟ ಮೀನು ಅವನ ಚೀಲಕ್ಕೇ ಹೋಗ್ತದೆ. ಎಲ್ಲರಿಗೂ ಹಾಕ್ಸಿ, ನಾನೂ ಹಾಕ್ತೇನೆ.’ ಮಾತು ನೂರಕ್ಕೆ ನೂರು ಸರಿ. ಮೀನುಗಾರರಿಗೆ ತಿಳಿವಳಿಕೆ ಇಲ್ಲ ಅಂತ ಸುಮ್ನೆ ಶಿಬಿರ ಮಾಡುವವರು ಇದನ್ನು ಕೇಳಿಸಿಕೊಳ್ಳಬೇಕು, ಅಲ್ವಾ?

ಹಾಗಾಗಿ ತಪಾಸಣೆ ಸಮುದ್ರದಲ್ಲಿ ಬೇಡ, ಜೆಟ್ಟಿಯಲ್ಲಿ ಆಗಲಿ. ಕತ್ತಲಲ್ಲಿ ಬೋಟ್ ಅಟ್ಟಿಸಿಕೊಂಡು ಹೋಗುವುದು ದುಬಾರಿ. ಜೆಟ್ಟಿಯ ಟ್ರ್ಯಾಶ್ ರಾಶಿ ಎಲ್ಲಿಗೂ ಓಡಿಹೋಗುವುದಿಲ್ಲ. ಕೇರಳ ಮೀನಿನ ಕನಿಷ್ಠ ಅಳತೆ ಗೊತ್ತು ಮಾಡಿದೆ: ಬಂಗುಡೆ 14 ಸೆಂ.ಮೀ., ಬೂತಾಯಿ 10 ಸೆಂ.ಮೀ. ಮರಿ ತುಂಬಿಕೊಂಡು ಬಂದ ಬೋಟ್‌ಗೆ ಅಲ್ಲಿ ಬಂದರಿನಲ್ಲೇ ದಂಡ ಬೀಳುತ್ತದೆ. ಮಹಾರಾಷ್ಟ್ರ 2023ರಲ್ಲಿ 54 ಜಾತಿಗಳಿಗೆ ಅಳತೆ ಹಾಕಿತು. ಫಿಶ್‌ಮೀಲ್ ಫ್ಯಾಕ್ಟರಿಯ ಗೇಟಿನಲ್ಲೂ ಇದೇ ಅಳತೆ ನಡೆಯಬೇಕು. ಕೊಳ್ಳುವವರಿಲ್ಲ ಅಂದರೆ ಮರಿಯನ್ನು ದಡಕ್ಕೆ ತರುವ ಡೀಸೆಲ್ ಯಾರೂ ಸುಡುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟ್‌ಗಳು ಕಟ್ಟಿರುತ್ತವೆ. ಬಲೆಗಳೆಲ್ಲ ದಡದಲ್ಲಿ ಹರಡಿ, ಹರಿದದ್ದನ್ನು ಹೊಲಿಯುವ ಕಾಲ ಅದು. ಚೌಕ ಕಣ್ಣಿನ ಚೀಲ ಹಾಕಿಸಬೇಕಾದರೆ ಇಲಾಖೆಯವರು ಅಳತೆಪಟ್ಟಿ ಹಿಡಿದು ಆಗಲೇ ಬರಬೇಕು. ಆಗಸ್ಟ್‌ನಲ್ಲಿ ಬಂದರೆ ಬಲೆ ನೀರಿನಲ್ಲಿರುತ್ತದೆ.